ಕೆಟ್ಟ ಬಿಡಿಭಾಗಕ್ಕೆ ಕಟಕಟೆಯಿಲ್ಲ

1978ರ ಜನವರಿ 1. ರಾತ್ರಿ ಎಂಟೂವರೆ ದಾಟಿತ್ತು. ಬೊಂಬಾಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದಿಂದ ಏರ್ ಇಂಡಿಯಾದ 855ನೇ ವಿಮಾನ ದುಬೈ ಕಡೆಗೆ ನೆಲ ಬಿಟ್ಟಿತು. ಅದು ‘ಎಂಪರರ್ ಅಶೋಕ’ ಎಂಬ ಹೆಸರಿನ ಬೋಯಿಂಗ್ 747. ಏರ್ ಇಂಡಿಯಾ ಕೊಂಡ ಮೊದಲ ಜಂಬೋ. ಒಳಗೆ 190 ಪ್ರಯಾಣಿಕರು, 23 ಸಿಬ್ಬಂದಿ. ಕರಾವಳಿ ದಾಟುತ್ತ ವಿಮಾನ ಬಲಕ್ಕೆ ತಿರುಗಿತು, ಮತ್ತೆ ಸಮಸ್ಥಿತಿಗೆ ಬಂತು. ಆದರೆ ಕ್ಯಾಪ್ಟನ್ ಎದುರಿಗಿದ್ದ ಉಪಕರಣ ಅದು ಇನ್ನೂ ಬಲಕ್ಕೇ ವಾಲಿದೆ ಎಂದು ತೋರಿಸುತ್ತಿತ್ತು. ಕೆಳಗೆ ಕಪ್ಪು ಕಡಲು, ಮೇಲೆ ಕಪ್ಪು ಆಕಾಶ; ನಡುವೆ ದಿಗಂತ ಕಾಣುವಂತಿರಲಿಲ್ಲ. ಉಪಕರಣವನ್ನು ನಂಬಿ ಅವರು ಎಡಕ್ಕೆ ತಿರುಗಿಸಿದರು, ಮತ್ತಷ್ಟು ತಿರುಗಿಸಿದರು. ಅದನ್ನು ನೋಡಿ ನಡೆಸಬೇಡಿ ಎಂದು ಫ್ಲೈಟ್ ಎಂಜಿನಿಯರ್ ಎಚ್ಚರಿಸುವ ಹೊತ್ತಿಗೆ ಕೈಮೀರಿತ್ತು. ನೆಲ ಬಿಟ್ಟ 101 ಸೆಕೆಂಡುಗಳಲ್ಲಿ ವಿಮಾನ ಬಾಂದ್ರಾ ತೀರದಾಚೆ ಅರಬ್ಬೀ ಸಮುದ್ರಕ್ಕೆ ಬಿತ್ತು. 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಆ ಉಪಕರಣದ ಹೆಸರು ಆಟಿಟ್ಯೂಡ್ ಡೈರೆಕ್ಟರ್ ಇಂಡಿಕೇಟರ್. ಹೊರಗೆ ಏನೂ ಕಾಣದಿದ್ದಾಗ ವಿಮಾನ ಯಾವ ಕಡೆಗೆ ವಾಲಿದೆ, ಮೂಗು ಮೇಲಿದೆಯೋ ಕೆಳಗಿದೆಯೋ ಎಂದು ಹೇಳುವ ಫಲಕ ಅದು. ಅದು ಸುಳ್ಳು ಹೇಳಿದರೆ ಏನಾಗುತ್ತದೆ ಎಂಬುದನ್ನು ಬಾಂದ್ರಾದ ಕಡಲು ಕಂಡಿತು. ಸುಳ್ಳು ಹೇಳಿದ್ದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗೆ ಮಾತ್ರ ಭಾರತದ ಕಾನೂನು ಅರ್ಧ ಶತಮಾನ ಕಳೆಯುತ್ತ ಬಂದರೂ ನೆಟ್ಟಗೆ ಉತ್ತರ ಬರೆದುಕೊಂಡಿಲ್ಲ.

ಎಂಪರರ್ ಅಶೋಕದ ಬಗ್ಗೆ ಎರಡು ದೇಶಗಳಲ್ಲಿ ಎರಡು ತೀರ್ಮಾನಗಳಿವೆ. ಭಾರತದಲ್ಲಿ ನಡೆದ ತನಿಖೆ, ಕ್ಯಾಪ್ಟನ್‌ನ ಉಪಕರಣ ಕೆಟ್ಟಿತ್ತು ಎಂದು ಹೇಳಿತು. ಅದರಿಂದ ಅವರಿಗೆ ವಿಮಾನದ ಸ್ಥಿತಿಯೇ ತಿಳಿಯದೆ ಹೋಯಿತು, ತಪ್ಪು ದಿಕ್ಕಿಗೆ ತಿರುಗಿಸಿದರು, ಉಳಿದ ಉಪಕರಣಗಳನ್ನು ನೋಡಿ ವಿಮಾನವನ್ನು ಹಿಡಿತಕ್ಕೆ ತರಲು ಸಿಬ್ಬಂದಿಗೆ ಆಗಲಿಲ್ಲ ಎಂದೂ ಹೇಳಿತು. ಅಂದರೆ ಭಾಗವೂ ಕೆಟ್ಟಿತ್ತು, ಕೈಯೂ ತಪ್ಪಿತ್ತು. ಮೃತರ ಕುಟುಂಬಗಳು ದಾವೆ ಹೂಡಿದ್ದು ಅಮೆರಿಕದಲ್ಲಿ, ಬೋಯಿಂಗ್ ಹುಟ್ಟಿದ ಸಿಯಾಟಲ್‌ನ ಫೆಡರಲ್ ನ್ಯಾಯಾಲಯದಲ್ಲಿ. ಪ್ರತಿವಾದಿಗಳು ಮೂವರು: ವಿಮಾನ ಕಟ್ಟಿದ ಬೋಯಿಂಗ್, ಆ ಉಪಕರಣ ತಯಾರಿಸಿದ ಲಿಯರ್ ಸೀಗ್ಲರ್, ಬದಲಿ ವ್ಯವಸ್ಥೆ ತಯಾರಿಸಿದ ರಾಕ್‌ವೆಲ್‌ನ ಕಾಲಿನ್ಸ್ ರೇಡಿಯೊ ವಿಭಾಗ. 1985ರ ನವೆಂಬರ್ 1ರಂದು ನ್ಯಾಯಾಧೀಶ ಜೇಮ್ಸ್ ಫಿಟ್ಜ್‌ಜೆರಾಲ್ಡ್ 139 ಪುಟಗಳ ತೀರ್ಪು ಕೊಟ್ಟರು. ಮೂವರ ಮೇಲಿನ ನಿರ್ಲಕ್ಷ್ಯದ ಆರೋಪವನ್ನೂ ಅವರು ತಳ್ಳಿಹಾಕಿದರು. ದುರಂತ ನಡೆದು ಅಷ್ಟರಲ್ಲಿ ಏಳು ವರ್ಷ ಹತ್ತು ತಿಂಗಳಾಗಿತ್ತು.

ಆ ನ್ಯಾಯಾಧೀಶರು ಸಾಕ್ಷ್ಯ ನೋಡದೆ ತೀರ್ಪು ಕೊಟ್ಟರೆಂದು ಹೇಳುವಂತಿಲ್ಲ. 139 ಪುಟ ಬರೆದವರು ಕೆಲಸ ಮಾಡಿದ್ದಾರೆ. ಮೂರು ಕಂಪನಿಗಳು ತಪ್ಪಿತಸ್ಥರೆಂದು ಈಗ ಕೂತಲ್ಲೇ ತೀರ್ಮಾನಿಸುವುದೂ ನ್ಯಾಯವಲ್ಲ. ಇಲ್ಲಿರುವ ತಕರಾರು ಬೇರೆ. ಭಾರತದ ನೆಲದಿಂದ ಹೊರಟು, ಭಾರತದ ಕಂಪನಿಯ ವಿಮಾನದಲ್ಲಿ, ಭಾರತದ ಕಣ್ಣೆದುರು ಸತ್ತವರ ಮಟ್ಟಿಗೆ, ಭಾಗ ಕೆಟ್ಟಿತ್ತು ಎಂದು ಭಾರತದ ತನಿಖೆಯೇ ಹೇಳಿದ ಮೇಲೂ, ಆ ಮಾತನ್ನು ಒರೆಗೆ ಹಚ್ಚಬೇಕಾಗಿ ಬಂದದ್ದು ತಯಾರಕರ ತವರೂರಿನಲ್ಲಿ. ಅಲ್ಲಿ ಗೆಲ್ಲಲು ಬೇಕಾದ ವಕೀಲರು, ತಜ್ಞರು, ದಾಖಲೆಗಳು ಎಲ್ಲವೂ ಏಳು ಸಮುದ್ರದಾಚೆ. ಸೋತವರಿಗೆ ಊರಿನಲ್ಲಿ ಬೇರೆ ಬಾಗಿಲಿರಲಿಲ್ಲ.

ಹಾಗಾದರೆ ಏರ್ ಇಂಡಿಯಾದ ಮೇಲೆಯೇ ಪೂರ್ತಿ ಪರಿಹಾರದ ದಾವೆ ಹೂಡಬಾರದಿತ್ತೇ? ಹೂಡಿದರೂ ಒಂದು ಗೋಡೆ ಇತ್ತು. 1972ರ ವಿಮಾನ ಸಾರಿಗೆ ಕಾಯ್ದೆಯ ಮೂಲಕ ಭಾರತ ಒಪ್ಪಿಕೊಂಡಿದ್ದ ವಾರ್ಸಾ ಒಪ್ಪಂದ ಮತ್ತು ಅದರ ಹೇಗ್ ತಿದ್ದುಪಡಿ ಪ್ರಯಾಣಿಕನ ಜೀವಕ್ಕೆ 2,50,000 ಚಿನ್ನದ ಫ್ರಾಂಕ್‌ಗಳ ಮಿತಿ ಕಟ್ಟಿತ್ತು. ಅಂದಿನ ಲೆಕ್ಕದಲ್ಲಿ ಅದು ಸುಮಾರು 20,000 ಡಾಲರ್. ಬೇಕೆಂದೇ ಮಾಡಿದ ಅಥವಾ ಪರಿಣಾಮ ಗೊತ್ತಿದ್ದೂ ಲೆಕ್ಕಿಸದ ತಪ್ಪು ಎಂದು ಸಾಬೀತು ಮಾಡದೆ ಆ ಗೋಡೆ ದಾಟುವಂತಿರಲಿಲ್ಲ. ಮಿತಿ ಇದ್ದದ್ದು ವಿಮಾನ ಕಂಪನಿಗೆ. ತಯಾರಕರಿಗೆ ಆ ಒಪ್ಪಂದದ ರಕ್ಷಣೆ ಇರಲಿಲ್ಲ. ಜನ ತಯಾರಕರ ಹಿಂದೆ ಸಮುದ್ರ ದಾಟಿ ಹೋಗುವುದಕ್ಕೆ ಇದು ಮುಖ್ಯ ಕಾರಣ. ಅದನ್ನು ದುರಾಸೆ ಎಂದು ಕರೆಯುವವರು ಮೊದಲು ಈ ಮಿತಿಯನ್ನು ಓದಿಕೊಳ್ಳಬೇಕು.

ಸಾಂತಾಕ್ರೂಜ್‌ಗೆ ಇದು ಮೊದಲ ಪಾಠವೂ ಆಗಿರಲಿಲ್ಲ. ಹದಿನೈದು ತಿಂಗಳು ಮುಂಚೆ, 1976ರ ಅಕ್ಟೋಬರ್ 12ರಂದು, ಮದ್ರಾಸಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ 171ನೇ ವಿಮಾನ ಇದೇ ನಿಲ್ದಾಣದಲ್ಲಿ ಉರಿದು ಬಿದ್ದಿತ್ತು. ಹೊರಡಬೇಕಿದ್ದ ಬೋಯಿಂಗ್ 737ರಲ್ಲಿ ದೋಷ ಕಂಡಿದ್ದರಿಂದ ಅದರ ಬದಲಿಗೆ ಕ್ಯಾರವೆಲ್ ವಿಮಾನ ತಂದಿದ್ದರು. ಅದರ ಒಂದು ಎಂಜಿನ್ನಿನ ಕಂಪ್ರೆಸರ್ ಡಿಸ್ಕ್‌ನಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು. ಹಾರಿದ ಕೂಡಲೇ ಡಿಸ್ಕ್ ಒಡೆದು ಚೂರುಗಳು ಇಂಧನದ ಕೊಳವೆಗಳನ್ನು ಕತ್ತರಿಸಿದವು. ಬೆಂಕಿ ಹತ್ತಿತು, ಹೈಡ್ರಾಲಿಕ್ ಒತ್ತಡ ಹೋಯಿತು, ಪೈಲಟ್ ಕೈಯಲ್ಲಿದ್ದ ಹಿಡಿಕೆಗಳು ಕೆಲಸ ಬಿಟ್ಟವು. ನಿಲ್ದಾಣಕ್ಕೆ ಮರಳುವ ಪ್ರಯತ್ನದಲ್ಲೇ ವಿಮಾನ ಕುಸಿಯಿತು. 89 ಪ್ರಯಾಣಿಕರು, 6 ಸಿಬ್ಬಂದಿ, ಒಟ್ಟು 95 ಜನ ಸತ್ತರು. ಮಲಯಾಳಂ ನಟಿ ರಾಣಿ ಚಂದ್ರ ಅವರಲ್ಲಿ ಒಬ್ಬರು. ಇಲ್ಲಿ ಯಾವ ಪೈಲಟ್‌ನ ಬುದ್ಧಿವಂತಿಕೆಯೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಕೊಂದದ್ದು ಒಂದು ಲೋಹದ ತಟ್ಟೆ.

ಹದಿನೈದು ತಿಂಗಳಲ್ಲಿ ಒಂದೇ ನಿಲ್ದಾಣದಿಂದ ಹೊರಟ 308 ಜನ. ಎರಡೂ ಕಡೆ ತನಿಖೆಯ ಬೆರಳು ಒಂದು ಬಿಡಿಭಾಗವನ್ನು ತೋರಿಸಿತು. ಬೇರೆ ಯಾವ ದೇಶವಾದರೂ ಇಷ್ಟಕ್ಕೆ ತಯಾರಕರ ಹೊಣೆಗಾರಿಕೆಯ ಬಗ್ಗೆ ಒಂದು ಕಾಯ್ದೆ ಬರೆಯುತ್ತಿತ್ತು. ಯುರೋಪಿನ ದೇಶಗಳು 1985ರಲ್ಲಿ, ಸಿಯಾಟಲ್ ತೀರ್ಪು ಬಂದ ವರ್ಷವೇ, ಅಂಥ ನಿರ್ದೇಶನ ಹೊರಡಿಸಿದವು. ವಸ್ತುವಿನಲ್ಲಿ ದೋಷವಿತ್ತು, ಹಾನಿಯಾಯಿತು, ದೋಷದಿಂದಲೇ ಆಯಿತು ಎಂದು ತೋರಿಸಿದರೆ ಸಾಕು. ತಯಾರಕನ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕಿಲ್ಲ. ಬಿಡಿಭಾಗ ತಯಾರಿಸಿದವನೂ ತಯಾರಕನೇ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಭಾರತ ಬರೆಯಲಿಲ್ಲ.

ಬರೆಯದಿದ್ದರ ಬೆಲೆ ಎಷ್ಟು ಎಂಬುದಕ್ಕೆ ಬೆಂಗಳೂರಿನಲ್ಲೇ ಒಂದು ಸಾಕ್ಷಿಯಿದೆ.

1990ರ ಫೆಬ್ರುವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮುಂಚೆಯೇ ನೆಲಕ್ಕೆ ಬಡಿಯಿತು. ಏರ್‌ಬಸ್ ಎ320, ಆಗ ಹೊಚ್ಚ ಹೊಸ ಮಾದರಿ. 146 ಜನರಲ್ಲಿ 92 ಜನ ಸತ್ತರು. ತನಿಖೆ ಪೈಲಟ್‌ಗಳ ತಪ್ಪನ್ನು ಎತ್ತಿ ಹೇಳಿತು. ಲಂಡನ್‌ನಲ್ಲಿ ನೆಲೆಸಿದ್ದ ಕೆಲವು ಕುಟುಂಬಗಳು ಇಲ್ಲಿ ಒಪ್ಪಂದದ ಮೂಲಕ ಸಣ್ಣ ಮೊತ್ತ ಪಡೆದು, ವಿಮಾನದ ವಿನ್ಯಾಸದಲ್ಲೇ ದೋಷವಿತ್ತೆಂದು ವಾದಿಸಿ 1992ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಏರ್‌ಬಸ್ ಮೇಲೆ ದಾವೆ ಹೂಡಿದವು. ಆಗ ಏರ್‌ಬಸ್ ಓಡಿದ್ದು ಎಲ್ಲಿಗೆ? ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ. ಈ ಜನ ಭಾರತ ಬಿಟ್ಟು ಬೇರೆಲ್ಲೂ ತನ್ನ ಮೇಲೆ ದಾವೆ ಹೂಡುವಂತಿಲ್ಲ ಎಂದು ಘೋಷಿಸಿ ಎಂದು ಕೇಳಿತು. 1995ರಲ್ಲಿ ಕೋರ್ಟು ಹಾಗೆಯೇ ಘೋಷಿಸಿತು. ಅದನ್ನು ಹಿಡಿದು ಏರ್‌ಬಸ್ ಇಂಗ್ಲೆಂಡಿಗೆ ಹೋಗಿ, ಟೆಕ್ಸಾಸ್ ದಾವೆಯನ್ನು ತಡೆಯಿರಿ ಎಂದಿತು. 1998ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ.

ಫ್ರಾನ್ಸಿನ ಟುಲೂಸ್‌ನಲ್ಲಿ ವಿಮಾನ ಕಟ್ಟುವ ಕಂಪನಿಗೆ ಬೆಂಗಳೂರಿನ ನ್ಯಾಯಾಲಯದ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಪ್ರೀತಿ ಹುಟ್ಟಿದ್ದೇಕೆ? ಟೆಕ್ಸಾಸ್‌ನಲ್ಲಿ ದೋಷವಿದ್ದರೆ ಸಾಕು, ನಿರ್ಲಕ್ಷ್ಯ ತೋರಿಸಬೇಕಿಲ್ಲ. ದಂಡನೆಯ ರೂಪದ ಪರಿಹಾರವೂ ಸಿಗಬಹುದು. ಗೆದ್ದರೆ ಮಾತ್ರ ಫೀಸು ಪಡೆಯುವ ವಕೀಲರು ಸಿಗುತ್ತಾರೆ. ಭಾರತದಲ್ಲಿ ಹೀಗೆ ಫೀಸು ನಿಗದಿ ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ, ಕುಟುಂಬ ನಿರ್ಲಕ್ಷ್ಯವನ್ನು ತಾನೇ ಸಾಬೀತು ಮಾಡಬೇಕು, ಪರಿಹಾರ ಸಣ್ಣದು, ಕಾಯುವ ಕಾಲ ದೊಡ್ಡದು. ತಯಾರಕನೊಬ್ಬ ಯಾವ ಊರಿನ ಕೋರ್ಟನ್ನು ಬಯಸುತ್ತಾನೆ ಎಂಬುದೇ ಆ ಊರಿನ ಕಾನೂನು ಎಷ್ಟು ಮೆತ್ತಗಿದೆ ಎಂಬುದರ ಅಳತೆ. ಭೋಪಾಲದ ಹೊತ್ತಿಗೂ ಇದೇ ಆಗಿತ್ತು. ಯೂನಿಯನ್ ಕಾರ್ಬೈಡ್ ನ್ಯೂಯಾರ್ಕಿನಲ್ಲಿ ನಿಂತು ಭಾರತದ ನ್ಯಾಯಾಲಯಗಳೇ ಈ ಪ್ರಕರಣಕ್ಕೆ ತಕ್ಕವು ಎಂದು ವಾದಿಸಿತು, 1986ರಲ್ಲಿ ಗೆದ್ದಿತು, 1989ರಲ್ಲಿ 47 ಕೋಟಿ ಡಾಲರ್‌ಗೆ ಲೆಕ್ಕ ಚುಕ್ತಾ ಮಾಡಿಕೊಂಡಿತು.

ಹಾಗೆಂದು ಅಮೆರಿಕದ ಬಾಗಿಲು ಸದಾ ತೆರೆದಿರುತ್ತದೆ ಎಂದು ನಂಬುವುದೂ ಭ್ರಮೆ. ಸ್ಕಾಟ್ಲೆಂಡಿನಲ್ಲಿ 1976ರಲ್ಲಿ ಬಿದ್ದ ಸಣ್ಣ ವಿಮಾನವೊಂದರ ಮೃತರ ಪರವಾಗಿ ವಿಮಾನ ತಯಾರಿಸಿದ ಪೈಪರ್ ಮತ್ತು ಪ್ರೊಪೆಲ್ಲರ್ ತಯಾರಿಸಿದ ಹಾರ್ಟ್‌ಜೆಲ್ ಕಂಪನಿಗಳ ಮೇಲೆ ಅಮೆರಿಕದಲ್ಲಿ ದಾವೆ ಹೂಡಿದಾಗ, 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ದಾವೆಯನ್ನು ಕೈಬಿಟ್ಟದ್ದು ಸರಿಯೆಂದಿತು. ವಿದೇಶಿ ವಾದಿ ಅಮೆರಿಕದ ಕೋರ್ಟನ್ನು ಆರಿಸಿಕೊಂಡರೆ ಆ ಆಯ್ಕೆಗೆ ಸ್ಥಳೀಯರ ಆಯ್ಕೆಯಷ್ಟು ತೂಕವಿಲ್ಲ ಎಂಬುದು ಅಂದಿನಿಂದ ಅಲ್ಲಿನ ನಿಯಮ. ಅದೃಷ್ಟವಿದ್ದವರು ಒಳಗೆ ಹೋಗುತ್ತಾರೆ. 2019ರಲ್ಲಿ ಇಥಿಯೋಪಿಯಾದಲ್ಲಿ 157 ಜನರನ್ನು ಕೊಂದ 737 ಮ್ಯಾಕ್ಸ್ ದುರಂತದಲ್ಲಿ ಬೋಯಿಂಗ್ 2021ರಲ್ಲಿ ಹೊಣೆ ಒಪ್ಪಿಕೊಂಡಿತು; 2025ರ ನವೆಂಬರ್‌ನಲ್ಲಿ ಷಿಕಾಗೋದ ಜ್ಯೂರಿಯೊಂದು ಒಂದು ಭಾರತೀಯ ಕುಟುಂಬಕ್ಕೆ 2.8 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಟ್ಟಿತು. ಭಾರತೀಯ ಜೀವಕ್ಕೆ ಅಷ್ಟು ಬೆಲೆ ಕಟ್ಟಿದ ಕೋರ್ಟು ಭಾರತದ್ದಾಗಿರಲಿಲ್ಲ.

ಇಲ್ಲಿನ ಕಾನೂನು ಇಂದು ಏನು ಹೇಳುತ್ತದೆ? ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದವನ್ನು ಭಾರತ 2009ರಲ್ಲಿ ಒಪ್ಪಿಕೊಂಡಿತು. ವಾರ್ಸಾಗಿಂತ ಅದು ಎಷ್ಟೋ ಮೇಲು. ಒಂದು ಮೊತ್ತದವರೆಗೆ ಯಾರ ತಪ್ಪೆಂದು ಕೇಳದೆ ವಿಮಾನ ಕಂಪನಿ ಕೊಡಬೇಕು. ಆ ಮೊತ್ತ ಈಗ 1,51,880 ಎಸ್‌ಡಿಆರ್. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಈ ಮಾನವನ್ನು ರೂಪಾಯಿಗೆ ತಿರುಗಿಸಿದರೆ ಒಂದೂಮುಕ್ಕಾಲು ಕೋಟಿ ದಾಟುತ್ತದೆ. ಅದರ ಮೇಲಿನದಕ್ಕೂ ಕಂಪನಿಯೇ ಹೊಣೆ. ಆದರೆ 21ನೇ ವಿಧಿಯಲ್ಲಿ ಒಂದು ಕಿಂಡಿಯಿದೆ. ಹಾನಿ ಪೂರ್ತಿಯಾಗಿ ಮೂರನೆಯವರ ತಪ್ಪಿನಿಂದ ಆಯಿತು ಎಂದು ಕಂಪನಿ ತೋರಿಸಿದರೆ ಆ ಮೊತ್ತದಾಚೆ ಅದರ ಹೊಣೆ ಮುಗಿಯಿತು. ಆ ಮೂರನೆಯವರು ಯಾರು? ಕೆಟ್ಟ ಭಾಗ ತಯಾರಿಸಿದವರೂ ಆಗಬಹುದು. ಅಂದರೆ ಭಾಗ ಕೆಟ್ಟಿತ್ತು ಎಂಬುದು ಎಷ್ಟು ಚೆನ್ನಾಗಿ ಸಾಬೀತಾಗುತ್ತದೆಯೋ, ಕುಟುಂಬಕ್ಕೆ ಊರಿನ ಕೋರ್ಟಿನಲ್ಲಿ ಸಿಗುವ ಪರಿಹಾರ ಅಷ್ಟು ಸಣ್ಣದಾಗುವ ಅಪಾಯವಿದೆ. ಉಳಿದದ್ದಕ್ಕೆ ಅವರು ಮತ್ತೆ ಸಿಯಾಟಲ್‌ಗೋ ಷಿಕಾಗೋಗೋ ಹೋಗಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ ಎರಡನ್ನೂ ಅದು ಹೆಸರಿಸುತ್ತದೆ. ಆದರೆ ಆ ಕಾಯ್ದೆಯಲ್ಲಿ ದೂರು ಕೊಡಬೇಕಾದವನು ಗ್ರಾಹಕ. ವ್ಯಾಪಾರದ ಉದ್ದೇಶಕ್ಕೆ ವಸ್ತು ಕೊಂಡವನು ಗ್ರಾಹಕನ ವ್ಯಾಖ್ಯೆಯಿಂದ ಹೊರಗೆ. ಎಂಜಿನ್ ಕೊಂಡದ್ದು ವಿಮಾನ ಕಂಪನಿ, ಅದೂ ವ್ಯಾಪಾರಕ್ಕೆ. ಪ್ರಯಾಣಿಕ ಕೊಂಡದ್ದು ಒಂದು ಟಿಕೆಟ್ಟು. ಅವನು ಆ ಎಂಜಿನ್ನಿನ ಗ್ರಾಹಕನೇ ಎಂಬ ಒಂದೇ ಪ್ರಶ್ನೆಯ ಮೇಲೆ ಕೆಳಗಿನ ಆಯೋಗದಿಂದ ಸುಪ್ರೀಂ ಕೋರ್ಟಿನವರೆಗೆ ಹತ್ತು ವರ್ಷ ಜಗ್ಗಾಡಬಹುದು. ದೊಡ್ಡ ಕಂಪನಿಗೆ ಅಷ್ಟು ಕಾಲ ಸಾಕು.

ಕಾಲ ಎಷ್ಟು ಹಿಡಿಯುತ್ತದೆ ಎಂಬುದು ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಮಂಗಳೂರಿನಿಂದ ನೇರ ವಿದೇಶ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮುಂಚೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಭಟ್ಕಳದ ಎಷ್ಟೋ ಹುಡುಗರು ರಾತ್ರಿ ಬಸ್ಸು ಹತ್ತಿ ಬೊಂಬಾಯಿಗೆ ಬಂದು ಅಲ್ಲಿಂದ ಕೊಲ್ಲಿಗೆ ಹಾರುತ್ತಿದ್ದರು. ನೇರ ವಿಮಾನ ಬಂದ ನಾಲ್ಕು ವರ್ಷಕ್ಕೆ, 2010ರ ಮೇ 22ರಂದು, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದಿಂದ ಕೆಳಗುರುಳಿ 158 ಜನ ಸತ್ತರು. ಅಲ್ಲಿ ಬಿಡಿಭಾಗದ ಪ್ರಶ್ನೆ ಇರಲಿಲ್ಲ. ಇಳಿಯುವುದನ್ನು ಕೈಬಿಡದ ಕ್ಯಾಪ್ಟನ್‌ನ ತಪ್ಪೆಂದು ತನಿಖೆ ಹೇಳಿತು. ಮಾಂಟ್ರಿಯಲ್ ಒಪ್ಪಂದ ಜಾರಿಯಲ್ಲಿತ್ತು. ಪ್ರತಿವಾದಿ ಊರಿನದೇ ಸರ್ಕಾರಿ ಕಂಪನಿ. ಇಷ್ಟು ಸುಲಭದ ಪ್ರಕರಣದಲ್ಲೂ ಒಂದು ಕುಟುಂಬಕ್ಕೆ 7.64 ಕೋಟಿ ರೂಪಾಯಿ ಎಂದು ಸುಪ್ರೀಂ ಕೋರ್ಟು ಕೊನೆಯ ಮಾತು ಹೇಳಿದ್ದು 2020ರ ಮೇ ತಿಂಗಳಲ್ಲಿ. ಹತ್ತು ವರ್ಷ. ಇದರ ಜೊತೆಗೆ ವಿದೇಶಿ ತಯಾರಕ, ಅವನ ಗುಟ್ಟಿನ ನಕ್ಷೆಗಳು, ಅವನ ತಜ್ಞರು ಸೇರಿದರೆ ಎಷ್ಟು ವರ್ಷ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಈ ದೇಶಕ್ಕೆ ವೇಗದ ಕಾನೂನು ಬರೆಯಲು ಬರುವುದಿಲ್ಲವೆಂದಲ್ಲ. 2025ರ ಏಪ್ರಿಲ್‌ನಲ್ಲಿ ಸಂಸತ್ತು ವಿಮಾನ ವಸ್ತುಗಳ ಹಿತಾಸಕ್ತಿ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ವಿಮಾನ ಕಂಪನಿ ಬಾಡಿಗೆ ಕಟ್ಟದಿದ್ದರೆ ವಿದೇಶಿ ಮಾಲೀಕ ಎರಡು ತಿಂಗಳೊಳಗೆ ತನ್ನ ವಿಮಾನವನ್ನು, ಎಂಜಿನ್ನನ್ನು ವಾಪಸು ಪಡೆಯುವಂತೆ ಅದು ಏರ್ಪಾಡು ಮಾಡುತ್ತದೆ. ಒಳ್ಳೆಯದೇ, ಸಾಲದ ಭರವಸೆಯಿಲ್ಲದೆ ವಿಮಾನ ಬರುವುದಿಲ್ಲ. ಆದರೆ ಎಂಜಿನ್ನಿನ ಒಡೆಯನಿಗೆ ಎರಡು ತಿಂಗಳು, ಆ ಎಂಜಿನ್ ಕೊಂದವನ ಹೆಂಡತಿಗೆ ಹತ್ತು ವರ್ಷ. ಇನ್ನೊಂದು ಕಡೆ, 2010ರ ಪರಮಾಣು ಹೊಣೆಗಾರಿಕೆ ಕಾಯ್ದೆಯ 17(ಬಿ) ಕಲಮು, ದೋಷಯುಕ್ತ ಉಪಕರಣ ಕೊಟ್ಟ ಪೂರೈಕೆದಾರನ ಮೇಲೆ ಸ್ಥಾವರ ನಡೆಸುವವನು ಹಣ ವಸೂಲಿಗೆ ಹೋಗಬಹುದು ಎಂದಿತ್ತು. ಭೋಪಾಲದ ನೆನಪು ಬರೆಸಿದ ಸಾಲು ಅದು. ವಿದೇಶಿ ಪೂರೈಕೆದಾರರು ಅದನ್ನು ಎಂದೂ ಇಷ್ಟಪಡಲಿಲ್ಲ; 2025ರ ಕೊನೆಗೆ ಬಂದ ಹೊಸ ಕಾಯ್ದೆ ಅದನ್ನು ಕೈಬಿಟ್ಟಿತು. ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ತಯಾರಕರ ಪರವಾದ ವಾದಗಳೂ ಇವೆ. ಭಾಗ ಸರಿಯಾಗಿಯೇ ಇತ್ತು, ವಿಮಾನ ಕಂಪನಿ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬುದು ಮೊದಲನೆಯದು. ಹಲವು ಸಲ ಇದು ನಿಜವೇ ಇರಬಹುದು. ಲೋಹದ ಬಿರುಕು ಕಾರ್ಖಾನೆಯಲ್ಲಿ ಹುಟ್ಟಿತೋ ದುರಸ್ತಿ ಕೇಂದ್ರದಲ್ಲಿ ಕಣ್ಣುತಪ್ಪಿತೋ ಎಂದು ನಿರ್ಧರಿಸುವುದು ಕಷ್ಟದ ಕೆಲಸ. ಆದರೆ ಆ ಕಷ್ಟ ಯಾರ ಹೆಗಲಿಗೆ ಬೀಳಬೇಕು? ನಕ್ಷೆ, ಪರೀಕ್ಷೆಯ ವರದಿ, ಹಿಂದಿನ ದೂರುಗಳು ತಯಾರಕನ ಬಳಿ. ದುರಸ್ತಿಯ ಪುಸ್ತಕ ವಿಮಾನ ಕಂಪನಿಯ ಬಳಿ. ಕುಟುಂಬದ ಬಳಿ ಇರುವುದು ಒಂದು ಮರಣ ಪ್ರಮಾಣಪತ್ರ. ಇದ್ದವರು ಸಾಬೀತು ಮಾಡಲಿ. ಹೊಣೆಗಾರಿಕೆ ಹೆಚ್ಚಿದರೆ ಟಿಕೆಟ್ ದುಬಾರಿಯಾಗುತ್ತದೆ ಎಂಬುದು ಎರಡನೆಯ ವಾದ. ಅಮೆರಿಕ, ಯುರೋಪಿನಲ್ಲಿ ಈ ಹೊಣೆ ಹೊತ್ತೇ ಇದೇ ಕಂಪನಿಗಳು ಇದೇ ವಿಮಾನಗಳನ್ನು ಮಾರುತ್ತಿವೆ. ಪೈಲಟ್‌ನ ತಪ್ಪೂ ಇತ್ತಲ್ಲ ಎಂಬುದು ಮೂರನೆಯದು. ಇರಬಹುದು, ಆಗ ಹೊಣೆಯನ್ನು ಹಂಚಲಿ. ಭಾಗ ಮೊದಲು ಸುಳ್ಳು ಹೇಳಿ, ಅದನ್ನು ನಂಬಿ ಕೈ ತಪ್ಪಿದರೆ, ತಪ್ಪನ್ನೆಲ್ಲ ಕೈಯ ಮೇಲೆ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸತ್ತ ಪೈಲಟ್ ಎದ್ದು ಬಂದು ವಾದಿಸುವುದಿಲ್ಲ. ಎಲ್ಲರಿಗೂ ಅಗ್ಗದ ಆರೋಪಿ ಅವನೇ.

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಬೋಯಿಂಗ್ 787 ಬಿದ್ದು 260 ಜನ ಸತ್ತಾಗ ಈ ಹಳೆಯ ಪ್ರಶ್ನೆಗಳೆಲ್ಲ ಮರಳಿ ಬಂದವು. ಆ ವಿಮಾನದ ಸಂಖ್ಯೆಯೂ 171. ಇಂಧನದ ಸ್ವಿಚ್ಚುಗಳು ಬಂದ್ ಸ್ಥಾನಕ್ಕೆ ಹೋದವು ಎಂದು ಜುಲೈನ ಪ್ರಾಥಮಿಕ ವರದಿ ಹೇಳಿತು. ಆ ಮಾದರಿಯ ಸ್ವಿಚ್ಚಿನ ಲಾಕ್ ಬಗ್ಗೆ ಅಮೆರಿಕದ ನಿಯಂತ್ರಕರು 2018ರಲ್ಲಿ ಸಲಹೆ ಕೊಟ್ಟಿದ್ದರು, ಕಡ್ಡಾಯವಲ್ಲದ್ದರಿಂದ ತಪಾಸಣೆ ನಡೆದಿರಲಿಲ್ಲ ಎಂಬುದೂ ಅದೇ ವರದಿಯಲ್ಲಿದೆ. ಕೈಯೋ ಭಾಗವೋ ಎಂದು ಊಹಿಸುವುದು ಬೇಡ. ಆದರೆ ವರದಿ ಬಂದ ದಿನದಿಂದಲೇ ಸತ್ತ ಪೈಲಟ್‌ಗಳ ವಿಚಾರಣೆ ಟಿವಿಯಲ್ಲಿ ನಡೆಯಿತು. ಸ್ವಿಚ್ಚಿನ ವಿಚಾರಣೆ ಕೇಳಿ ನಾಲ್ವರು ಮೃತರ ಕುಟುಂಬಗಳು ಸೆಪ್ಟೆಂಬರ್‌ನಲ್ಲಿ ಬೋಯಿಂಗ್ ಮತ್ತು ಹನಿವೆಲ್ ಮೇಲೆ ದಾವೆ ಹೂಡಿದ್ದು ಮತ್ತೆ ಅಮೆರಿಕದಲ್ಲಿ, ಡೆಲವೇರ್‌ನಲ್ಲಿ. 1978ರಿಂದ ದಾರಿ ಬದಲಾಗಿಲ್ಲ.

ಬದಲಿಸಲು ಬೇಕಾದದ್ದು ಅಸಾಧ್ಯದ್ದೇನೂ ಅಲ್ಲ. ವಿಮಾನ ಕಂಪನಿ, ವಿಮಾನ ತಯಾರಕ, ಎಂಜಿನ್ ತಯಾರಕ, ಬಿಡಿಭಾಗ ತಯಾರಕ, ದುರಸ್ತಿ ಸಂಸ್ಥೆ ಎಲ್ಲರೂ ಕುಟುಂಬಕ್ಕೆ ಜಂಟಿಯಾಗಿ ಹೊಣೆ ಎಂದು ಸಂಸತ್ತು ಬರೆಯಲಿ. ಯಾರ ಪಾಲು ಎಷ್ಟು ಎಂದು ಅವರು ಆಮೇಲೆ ತಮ್ಮೊಳಗೆ ಕಾದಾಡಲಿ. ತನ್ನ ಭಾಗದಲ್ಲಿ ದೋಷವಿರಲಿಲ್ಲ ಎಂದು ತೋರಿಸುವ ಹೊರೆ ತಯಾರಕನದಾಗಲಿ, ದಾಖಲೆ ಕೊಡದವನ ವಿರುದ್ಧ ಕೋರ್ಟು ತೀರ್ಮಾನ ಮಾಡಲಿ. ವಿದೇಶಿ ಮಾದರಿಯ ವಿಮಾನ ಇಲ್ಲಿ ಹಾರಬೇಕಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅದರ ಪ್ರಮಾಣಪತ್ರವನ್ನು ಮಾನ್ಯ ಮಾಡಬೇಕು. ಭಾರತದ ನ್ಯಾಯಾಲಯಕ್ಕೆ ಒಳಪಡುತ್ತೇನೆ ಎಂಬ ಮುಚ್ಚಳಿಕೆ ಆ ಮಾನ್ಯತೆಯ ಷರತ್ತಾಗಲಿ. ಲಾರಿ ಹರಿದು ಸತ್ತವನ ಮನೆಯವರಿಗೆ ಮೋಟಾರು ಅಪಘಾತ ನ್ಯಾಯಮಂಡಳಿಯಿದೆ, ತಾವಿರುವ ಊರಿನಲ್ಲೇ ಅರ್ಜಿ ಹಾಕಬಹುದು. ರೈಲಿನಿಂದ ಸತ್ತವನಿಗೆ 1987ರ ಕಾಯ್ದೆಯ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿಯಿದೆ. ಆಕಾಶದಿಂದ ಬಿದ್ದವನಿಗೆ ಮಾತ್ರ ಅಂಥದ್ದಿಲ್ಲ. ಅದೂ ಆಗಲಿ, ತೀರ್ಪಿಗೆ ಗಡುವೂ ಇರಲಿ.

1986ರಲ್ಲಿ ದೆಹಲಿಯ ಓಲಿಯಂ ಅನಿಲ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು, ಅಪಾಯದ ಉದ್ಯಮ ನಡೆಸುವವನು ಎಷ್ಟೇ ಎಚ್ಚರ ವಹಿಸಿದ್ದರೂ ಹಾನಿಗೆ ಪೂರ್ಣ ಹೊಣೆ ಎಂದು ಹೇಳಿತ್ತು. ಜಗತ್ತಿನ ಎಷ್ಟೋ ಕೋರ್ಟುಗಳು ಹೇಳಲು ಹಿಂಜರಿದ ಮಾತು ಅದು. ನೂರಾರು ಜನರನ್ನು ಮೂವತ್ತು ಸಾವಿರ ಅಡಿ ಮೇಲಕ್ಕೆ ಒಯ್ಯುವ ಯಂತ್ರದ ಭಾಗ ಮಾರುವವನಿಗೆ ಆ ಮಾತು ಏಕೆ ಅನ್ವಯಿಸಬಾರದು ಎಂಬುದಕ್ಕೆ ಸರ್ಕಾರ ಉತ್ತರ ಕೊಡಬೇಕು. ಸಾಂತಾಕ್ರೂಜ್‌ನಿಂದ ಹೊರಟ 308 ಜನರ ಪೈಕಿ ಹಲವರ ಮಕ್ಕಳು ಈಗ ಅಜ್ಜ ಅಜ್ಜಿಯರಾಗಿರುವ ವಯಸ್ಸು. ಅವರ ಪಾಲಿಗೆ ಯಾವ ಕಾಯ್ದೆ ಬಂದರೂ ತಡವಾಯಿತು. ಡೆಲವೇರ್‌ನ ಬಾಗಿಲಲ್ಲಿ ನಿಂತವರಿಗೆ, ಇನ್ನು ಮುಂದೆ ನಿಲ್ಲಬೇಕಾದವರಿಗೆ ಅದು ತಡವಾಗಬಾರದು.